ಹನ್ನೆರಡನೆಯ ಅಂಕಿ

ಗುಳೇದಗುಡ್ಡದ ಗುಡ್ಡದ ಮೇಲಿರುವ ಸೋನೆ ಠಾಣೆಯಲ್ಲಿ ದಾಕ್ಷಾಯಣಿಗೆ ಇದ್ದದ್ದು ಒಂದೇ ಕೆಲಸ. ಗೋಡೆ ನೋಡುವುದು.

ಗೋಡೆಯ ಮೇಲೆ ನಲವತ್ತು ಬೋರ್ಡುಗಳಿದ್ದವು. ಒಂದೊಂದೂ ಅಂಗೈಗಿಂತ ಚಿಕ್ಕದು. ಮೇಲೆ ಒಂದು ಚಿಪ್, ಸಾಸಿವೆಕಾಳಿನಷ್ಟು ಒಂದು ಕೆಂಪು ದೀಪ. ನಲವತ್ತೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿದ್ದವು. ಒಂದು ಸೆಕೆಂಡು ಬೆಳಕು, ಒಂದು ಸೆಕೆಂಡು ಕತ್ತಲು. ಯಾವುದಾದರೂ ಒಂದು ಹೆಜ್ಜೆ ತಪ್ಪಿದರೆ ಹೊತ್ತು ಬರೆದಿಡಬೇಕು. ಒಂದೇ ನಿಮಿಷದಲ್ಲಿ ಮೂರು ತಪ್ಪಿದರೆ ಸೈರನ್ನಿನ ಹಿಡಿಕೆ ತಿರುಗಿಸಬೇಕು. ಕೆಳಗೆ ಊರಿಗೆ ಊರೇ ಪ್ಲಗ್ಗುಗಳನ್ನು ಕಿತ್ತು, ಸೋನೆ ನಿಲ್ಲುವ ತನಕ ಕಾಯುತ್ತ ಕೂರುತ್ತದೆ.

ಒಣಸೋನೆ ಶುರುವಾಗಿ ಮೂರು ವರ್ಷ. ಭೂಮಿ ಸೂರ್ಯನ ಜೊತೆಗೇ ಯಾವುದೋ ಕಣಗಳ ಮೋಡದೊಳಗೆ ಹೊಕ್ಕಿದೆ ಎನ್ನುತ್ತಾರೆ. ಅದು ಮೈಗೆ ತಾಕುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಬೆಳೆಗೆ, ದನಕ್ಕೆ ಏನೂ ಆಗಿಲ್ಲ. ತಗಲುವುದು ಚಿಪ್ಪಿನ ನೆನಪಿಗೆ ಮಾತ್ರ. ಅಲ್ಲಿ ಬರೆದಿಟ್ಟ ಅಂಕಿಗಳಲ್ಲಿ ಯಾವುದೋ ಒಂದು ಇದ್ದಕ್ಕಿದ್ದಂತೆ ಬೇರೆಯಾಗಿಬಿಡುತ್ತದೆ. ಪ್ರೋಗ್ರಾಂ ದೊಡ್ಡದಿದ್ದಷ್ಟೂ ಏಟು ಬೀಳುವ ಜಾಗ ಹೆಚ್ಚು. ಕೋಟಿಗಟ್ಟಲೆ ಅಂಕಿಗಳಿದ್ದ ಫೋನುಗಳು ಮೊದಲ ಸೋನೆಯಲ್ಲಿ ಹತ್ತು ನಿಮಿಷ ಬಾಳಲಿಲ್ಲ. ಕಂಪ್ಯೂಟರುಗಳು ಹೋದವು. ಹುಬ್ಬಳ್ಳಿ ರಸ್ತೆಯಲ್ಲಿ ಒಂದು ಕಾರಿನ ಬ್ರೇಕು ಹೋಯಿತು. ಅದರಲ್ಲಿ ದಾಕ್ಷಾಯಣಿಯ ಗಂಡ ವಿರೂಪಾಕ್ಷ ಇದ್ದ.

ಉಳಿದವು ಚಿಕ್ಕವು. ಇಂಜಿನಿಯರಿಂಗ್ ಹುಡುಗರು ಲ್ಯಾಬಿನ ಮೊದಲ ದಿನ ಬರೆದು, ದೀಪ ಮಿಣುಕಿದ್ದು ನೋಡಿ ಹಿಗ್ಗಿ, ಮರುದಿನ ಅಳಿಸಿಬಿಡುತ್ತಿದ್ದ ಪ್ರೋಗ್ರಾಂ ಒಂದಿತ್ತಲ್ಲ, ಹತ್ತೊಂಬತ್ತೇ ಅಂಕಿಯದು, ಅದು ವಾರಗಟ್ಟಲೆ ಬದುಕುತ್ತಿತ್ತು. ಅಂಥದ್ದೂ ಹೆಜ್ಜೆ ತಪ್ಪಿದರೆ ಸೋನೆ ಜೋರಾಗಿದೆ ಎಂದೇ ಅರ್ಥ. ಹಾಗಾಗಿ ಈಗ ಮನೆಮನೆಯ ಬಾಗಿಲಲ್ಲಿ ಒಂದು ಬೋರ್ಡು, ಒಂದು ದೀಪ. ಜನ ಅದನ್ನು ಮಿಣುಕು ಎನ್ನುತ್ತಾರೆ. ಓಣಿಗೊಂದು ತುಂಬುವ ಪೆಟ್ಟಿಗೆ. ಅದರಲ್ಲಿ ಮೂರು ಪುಟ್ಟ ಗಾಲಿಗಳು, ಒಂದು ಗುಂಡಿ. ಗಾಲಿ ತಿರುಗಿಸಿ ಅಂಕಿ ಕೂಡಿಸಬೇಕು, ಗುಂಡಿ ಒತ್ತಬೇಕು. ಹೀಗೆ ಹತ್ತೊಂಬತ್ತು ಸಲ. ಕೊನೆಗೆ ಪಕ್ಕದ ಯಾವುದಾದರೂ ಮಿಣುಕು ನೋಡಿ, ಅದು ಹತ್ತಿದ ಕ್ಷಣಕ್ಕೆ ಸರಿಯಾಗಿ ತನ್ನದನ್ನು ಶುರು ಮಾಡಬೇಕು. ಹೆಜ್ಜೆ ಕೂಡಿಸುವುದು ಎಂದರೆ ಇದು.

ಆ ಹತ್ತೊಂಬತ್ತು ಅಂಕಿಗಳನ್ನು ಶಾಲೆಯಲ್ಲಿ ಮಗ್ಗಿಯ ಜೊತೆ ಬಾಯಿಪಾಠ ಮಾಡಿಸುತ್ತಾರೆ. ಹನ್ನೆರಡನೆಯದು ಇನ್ನೂರು. ಆ ಅಂಕಿ ಬಂದಾಗ ರಾಗವಾಗಿ ಎಳೆದು ಹೇಳಿ ಒಂದು ಚಪ್ಪಾಳೆ ತಟ್ಟುತ್ತಾರೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಈಗ ದೊಡ್ಡವರೂ ತಟ್ಟುತ್ತಾರೆ.

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಯ ಫೋನು ರಿಂಗಾಯಿತು. ತಂತಿಯ, ಡಯಲು ತಿರುಗಿಸುವ ಹಳೆಯ ಫೋನು. ದಾಕ್ಷಾಯಣಿ ಗೋಡೆಯಿಂದ ಕಣ್ಣು ತೆಗೆಯದೆ ಎತ್ತಿಕೊಂಡಳು.

"ದಾಕ್ಷಾಯಣಿ ಅದಾರೇನ್ರಿ?"

"ನಾನ ಮಾತಾಡಾಕತ್ತೀನ್ರಿ."

"ನಾ ಡಾಕ್ಟರ್ ಮುಲ್ಲಾ. ನಿಮ್ಮ ಅತ್ತಿ ಮುಂಜಾನೆ ಮಗ್ಗದಾಗ ಬಿದ್ದಾರ. ತಡೀರಿ, ಗಾಬರಿ ಆಗಬ್ಯಾಡ್ರಿ, ಜೀವ ಐತಿ. ಎದ್ಯಾಗಿನ ಡಬ್ಬಿ ಸತ್ತೈತಿ."

ಅತ್ತೆ ನೀಲವ್ವನ ಎದೆಯಲ್ಲಿ ಐದು ವರ್ಷದ ಹಿಂದೆ ಪೇಸ್‌ಮೇಕರ್ ಕೂಡಿಸಿದ್ದರು. ಅದರ ಪ್ರೋಗ್ರಾಂ ನಲವತ್ತು ಸಾವಿರ ಅಂಕಿಯದು. ಅಂಥ ಡಬ್ಬಿ ಇದ್ದವರು ಮೂರು ವರ್ಷದಲ್ಲಿ ಒಬ್ಬೊಬ್ಬರಾಗಿ ಹೋಗಿದ್ದರು. ನೀಲವ್ವ ಉಳಿದದ್ದು ಒಂದು ಕುಪ್ಪಸದಿಂದ. ತಾನೇ ನೇಯ್ದ ಖಣದಲ್ಲಿ ಹೊಲಿದು, ಒಳಗೆ ಸೀಸದ ತಗಡು ಕೂಡಿಸಿ, ಎರಡೂವರೆ ಸೇರು ತೂಗುತ್ತಿದ್ದ ಆ ಕುಪ್ಪಸವನ್ನು ಅವಳು ಹಗಲೂ ರಾತ್ರಿ ತೊಡುತ್ತಿದ್ದಳು.

"ಕುಪ್ಪಸ ಹಾಕಿದ್ದಿಲ್ಲೇನ್ರಿ?"

"ನಿನ್ನೆ ಸೆಕಿ ಅಂತ ಬಿಚ್ಚಿ ಗೂಟಕ್ಕ ಹಾಕಿದ್ರಂತ. ಸಂಜಿಮುಂದ ಸೋನಿ ಬಂತಲ್ಲ, ಅದರಾಗ ಹೋಗೈತಿ. ಕೇಳ್ರಿಲ್ಲೆ. ಡಬ್ಬಿ ಹೋದ್ರೂ ತಂತಿ ಚೊಲೋ ಐತಿ. ಡಬ್ಬಿ ತೆಗದು ತಂತಿ ಹೊರಗ ತಂದೀನಿ. ಒಂದು ಬ್ಯಾಟರಿ, ಒಂದು ಕಂಡೆನ್ಸರ್, ಬಾಗಲ ಗಂಟಿಯ ಗುಂಡಿ. ಒಮ್ಮೆ ಒತ್ತಿದ್ರ ಎದಿ ಒಮ್ಮೆ ಬಡೀತೈತಿ. ನಿಮ್ಮ ಓಣಿ ಹೆಣಮಕ್ಕಳು ಪಾಳಿ ಹಚ್ಚಿ ಒತ್ತಾಕತ್ತಾರ."

ಫೋನಿನೊಳಗೆ, ಡಾಕ್ಟರ ಧ್ವನಿಯ ಹಿಂದೆ, ಟಕ್ ಟಕ್ ಎಂಬ ಸದ್ದು ಕೇಳುತ್ತಿತ್ತು.

"ಎಷ್ಟು ದಿನಾ ಒತ್ತತಾರ? ನಿಮ್ಮ ದೀಪ ಹತ್ತತೈತಿ, ಆರತೈತಿ. ನನಗ ಬೇಕಾದದ್ದೂ ಅಷ್ಟ. ಆದರ ನಿಮಿಷಕ್ಕ ಎಪ್ಪತ್ತು."

"ನಮ್ಮದು ಮೂವತ್ರಿ."

"ಅದಕ್ಕ ನಿಮಗ ಫೋನ್ ಹಚ್ಚೀನಿ. ಬದಲಿ ಮಾಡಾಕ ಬರತೈತೋ ಇಲ್ಲೋ?"

ಬರುತ್ತಿತ್ತು. ದೀಪ ಎಷ್ಟು ಹೊತ್ತು ಹತ್ತಿರಬೇಕು, ಎಷ್ಟು ಹೊತ್ತು ಆರಿರಬೇಕು ಎಂದು ಹೇಳುವುದು ಹನ್ನೆರಡನೆಯ ಅಂಕಿ. ಅದು ಇನ್ನೂರಿದ್ದರೆ ನಿಮಿಷಕ್ಕೆ ಮೂವತ್ತು. ಎಪ್ಪತ್ತು ಬೇಕಾದರೆ? ದಾಖಲೆ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದಳು. ಎಂಬತ್ತಾರು.

ಠಾಣೆಯ ಹಿರಿಯ ಅಧಿಕಾರಿ ಇನಾಮದಾರರು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಹೊಸಾ ಪ್ರೋಗ್ರಾಂ ಬರಿಯೋದು ಗುನ್ಹೆ ಅದ," ಎಂದರು. "ಹಿಂದಿಂದು ಮರತ್ಯೇನು? ಮೊದಲನೇ ವರ್ಷ ಒಂದೊಂದು ಓಣಿಗೆ ಒಂದೊಂದು ಮಿಣುಕು. ಒಬ್ಬರದು ಬಿರಬಿರ, ಒಬ್ಬರದು ನಿಧಾನ. ಖರೇ ಸೋನಿ ಬಂದಾಗ ಯಾರಿಗೂ ಗೊತ್ತಾಗಲಿಲ್ಲ. ಎಷ್ಟು ಮಂದಿ ಸತ್ತರು. ಅದಕ್ಕs ಎಲ್ಲಾರಿಗೂ ಒಂದು ಅಂತ ಮಾಡಿದ್ದು."

"ಗೊತ್ತೈತ್ರಿ ಸರ್."

"ಕಪಾಟಿನೊಳಗ ಹೊಸಾ ಬೋರ್ಡು ಎಷ್ಟವ?"

"ಆರು ಅದಾವ್ರಿ."

ಇನಾಮದಾರರು ಲೋಟ ಕೆಳಗಿಟ್ಟು, ಅವಳ ಕುರ್ಚಿ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತರು. "ಇನ್ನ ನಾ ಗ್ವಾಡಿ ನೋಡ್ತೀನಿ. ಗ್ವಾಡಿ ನೋಡೋವಾಗ ಹಿಂದ ಹೊಳ್ಳಿ ನೋಡಬಾರದು ಅಂತ ನಿಯಮ ಅದ. ನನ್ನ ಬೆನ್ನ ಹಿಂದ ಏನ ನಡೀತದ, ಹೇಳಿದ್ರೂ ನನಗ ತಿಳಿಯಂಗಿಲ್ಲ."

ಅವಳು ಒಂದು ಬೋರ್ಡು ತೆಗೆದು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡಳು.

ಓಣಿಯ ತುಂಬುವ ಪೆಟ್ಟಿಗೆ ಆ ವಾರ ಅವರ ಮನೆಯಲ್ಲಿತ್ತು. ಗುಡ್ಡ ಇಳಿದು ಮನೆಗೆ ಹೋದಳು. ಬಾಗಿಲು ಹಾಗೇ ತೆರೆದಿತ್ತು. ಬಾಗಿಲ ಮಿಣುಕು ಹತ್ತಿ ಆರುತ್ತಿತ್ತು. ಮಗ್ಗದಲ್ಲಿ ಅರ್ಧ ನೇಯ್ದ ಖಣ, ಕೆಂಪು ಅಂಚು. ಲಾಳಿ ನೆಲಕ್ಕೆ ಬಿದ್ದು ನೂಲು ಬಿಚ್ಚಿಕೊಂಡು ಗೋಡೆಯ ತನಕ ಉರುಳಿ ಹೋಗಿತ್ತು. ಗೂಟದಲ್ಲಿ ಕುಪ್ಪಸ. ಅವಳು ಅದನ್ನು ನೋಡಿದಳು. ನೂಲು ದಾಟಿ ಒಳಗೆ ಹೋಗಿ ಪೆಟ್ಟಿಗೆ ತೆಗೆದುಕೊಂಡಳು.

ಬೆಳಿಗ್ಗೆ ಹೊರಡುವಾಗ ಅತ್ತೆ ರೊಟ್ಟಿ ಕಟ್ಟಿಕೊಟ್ಟಿದ್ದಳು. "ಚಟ್ನಿ ಬ್ಯಾರೆ ಇಟ್ಟೀನಿ" ಅಂದಿದ್ದಳು. ಅವರಿಬ್ಬರ ನಡುವೆ ಮಾತು ಈಗ ಅಷ್ಟೇ. ಮೂರು ವರ್ಷದಿಂದ ಬೇಕಾದಷ್ಟೇ. ಜಗಳವೇನೂ ಇರಲಿಲ್ಲ. ವಿರೂಪಾಕ್ಷನ ಹೆಸರು ಬರಬಾರದೆಂದು ಇಬ್ಬರೂ ಒಂದೊಂದೇ ಮಾತು ಬಿಡುತ್ತ ಬಂದು, ಕೊನೆಗೆ ರೊಟ್ಟಿ ಚಟ್ನಿಯಷ್ಟು ಉಳಿದಿತ್ತು. ಅವರಿಗೆ ಈ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಡಾಕ್ಟರ್ ಮುಲ್ಲಾರ ದವಾಖಾನೆ ನೇಕಾರ ಓಣಿ ಮುಗಿಯುವಲ್ಲಿ. ನಾಲ್ಕು ಮಂಚದ ಕೋಣೆ. ನೀಲವ್ವ ಕಿಟಕಿಯ ಪಕ್ಕ ಮಲಗಿದ್ದಳು. ಎಡ ಹೆಗಲ ಕೆಳಗೆ ಪಟ್ಟಿ. ಪಟ್ಟಿಯೊಳಗಿನಿಂದ ಎರಡು ಸಣ್ಣ ತಂತಿ ಹೊರಬಂದು, ಸ್ಟೂಲಿನ ಮೇಲಿದ್ದ ಮರದ ತುಂಡಿಗೆ ಮೊಳೆ ಹೊಡೆದು ಕೂಡಿಸಿದ ಗುಂಡಿಗೆ ಹೋಗಿದ್ದವು. ಗುಂಡಿಯ ಮೇಲೆ ತುಳಜವ್ವನ ಹೆಬ್ಬೆರಳು. ಟಕ್. ಟಕ್. ಟಕ್. ತುಳಜವ್ವ ಎದುರು ಮನೆಯಾಕೆ. ಓಣಿಯಲ್ಲೇ ಎಲ್ಲರಿಗಿಂತ ದೊಡ್ಡ ದನಿ, ಎಲ್ಲರಿಗಿಂತ ಒಳ್ಳೆಯ ಕೈ. ಗೋಡೆಗೆ ಒರಗಿ ಏಳೆಂಟು ಹೆಂಗಸರು ತಮ್ಮ ಪಾಳಿಗೆ ಕಾಯುತ್ತಿದ್ದರು.

"ತುಳಜವ್ವಾ, ಸಾವಕಾಶ," ಎಂದಳು ನೀಲವ್ವ. ದನಿ ಸಣ್ಣಗಿತ್ತು. "ಇದೇನ ನಿನ್ನ ಮಗ್ಗ ಅಲ್ಲ. ಹಬ್ಬದ ಖಣ ಮುಗಸೋರಂಗ ಒತ್ತಾಕತ್ತಿ. ಎದಿ ಹಾರಿ ಹೋಗತೈತಿ."

"ಸುಮ್ಕ ಮಲಗಬೇ. ನಿನ್ನ ಜೀವ ಈಗ ನನ್ನ ಹೆಬ್ಬಟ್ಟಿನಾಗ ಐತಿ. ನೆಟ್ಟಗ ಮಾತಾಡು."

ಹೆಂಗಸರು ನಕ್ಕರು. ತುಳಜವ್ವನ ಬೆರಳು ಮಾತ್ರ ಒಂದು ಸಲವೂ ತಪ್ಪಲಿಲ್ಲ.

ನೀಲವ್ವ ಸೊಸೆಯನ್ನು ನೋಡಿದಳು. "ಡ್ಯೂಟಿ ಬಿಟ್ಟು ಯಾಕ ಬಂದಿ?"

"ರಜಾ ಹಾಕೀನ್ರಿ," ಎಂದಳು ದಾಕ್ಷಾಯಣಿ.

ಡಾಕ್ಟರ್ ಮುಲ್ಲಾ ಅವಳನ್ನು ಬಾಗಿಲಿನತ್ತ ಕರೆದೊಯ್ದು ದನಿ ತಗ್ಗಿಸಿದರು. "ಮುಂಜಾನೆ ಬಂದಾಗ ಅವರದs ಬಡಿತ ಇಪ್ಪತ್ತೆಂಟಿತ್ತು. ನಾಲ್ಕು ತಾಸು ನಾವು ಬಡಿಸೀವಿ. ಈಗ ಗುಂಡಿ ಬಿಟ್ಟು ನೋಡಿದೆ. ಏನೂ ಇಲ್ಲ. ಎದಿ ತನ್ನ ಕೆಲಸಾ ನಮ್ಮ ಮ್ಯಾಲೆ ಹಾಕಿ ಸುಮ್ನ ಕುಂತೈತಿ. ನೀವು ತಂತಿ ಹಚ್ಚಿದ ಮ್ಯಾಲೆ ಅದು ನಡೀಬೇಕು. ನಡೀಲಿಲ್ಲ ಅಂದ್ರ ಅರ್ಧ ನಿಮಿಷ. ಅಷ್ಟ."

ದಾಕ್ಷಾಯಣಿ ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು, ಬೋರ್ಡು ಕೂಡಿಸಿ ಪ್ಲಗ್ಗು ಹಾಕಿದಳು. ಕೈ ನಡುಗುತ್ತಿರಲಿಲ್ಲ. ಮೂರು ವರ್ಷದಿಂದ ಯಾವುದಕ್ಕೂ ನಡುಗಿರಲಿಲ್ಲ. ಹನ್ನೆರಡನೆಯದು ಎಂಬತ್ತಾರು ಎಂದು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು, ಗಾಲಿ ತಿರುಗಿಸಿ ಮೊದಲ ಗುಂಡಿ ಒತ್ತಿದಳು.

"ಹದಿನಾಲ್ಕು," ಎಂದಳು ಗೋಡೆಗೊರಗಿದ್ದ ಒಬ್ಬಾಕೆ.

ಎರಡನೆಯ ಅಂಕಿಗೆ ಇನ್ನಿಬ್ಬರು ಸೇರಿಕೊಂಡರು. "ಐದು." ನಾಲ್ಕನೆಯದರ ಹೊತ್ತಿಗೆ ಇಡೀ ಕೋಣೆ. ಮನೆಯಲ್ಲಿ ಯಾರು ಮಿಣುಕು ತುಂಬುತ್ತಿದ್ದರೂ ಉಳಿದವರು ಜೊತೆಗೆ ಹೇಳಬೇಕು, ಸಾಲು ತಪ್ಪದ ಹಾಗೆ ನೋಡಿಕೊಳ್ಳಬೇಕು. ಅದು ರೂಢಿ. ಅವರು ಸಹಾಯ ಮಾಡುತ್ತಿದ್ದರು. ಮಂಚದಿಂದ ನೀಲವ್ವನೂ ತುಟಿ ಆಡಿಸುತ್ತಿದ್ದಳು. ತುಳಜವ್ವ ಹೇಳುತ್ತಲೇ ಒತ್ತುತ್ತಿದ್ದಳು. "ತೊಂಬತ್ತೊಂದು. ಎಂಟು. ಅರವತ್ತಾರು." ದಾಕ್ಷಾಯಣಿಯ ಬೆರಳು ಅವರ ದನಿಯ ಹಿಂದೆ ಹೋಗುತ್ತಿತ್ತು. "ಮೂವತ್ತಮೂರು. ಏಳು. ಇನ್ನೂ-ರು." ಚಪ್ಪಾಳೆ. ಗುಂಡಿ ಒತ್ತಿದಳು. ಹದಿಮೂರನೆಯದು, ಹದಿನಾಲ್ಕನೆಯದು, ಹತ್ತೊಂಬತ್ತನೆಯದರ ತನಕ ಎಲ್ಲೂ ನಿಲ್ಲಲಿಲ್ಲ.

ಕೋಣೆಯ ಬಾಗಿಲ ಮೇಲೆ ದವಾಖಾನೆಯ ಮಿಣುಕು ಇತ್ತು. ಅದು ಹತ್ತಿದ ಕ್ಷಣಕ್ಕೆ ಸರಿಯಾಗಿ ಅವಳು ಬೋರ್ಡು ಶುರು ಮಾಡಿದಳು. ಹೊಸ ದೀಪ ಹತ್ತಿತು. ಆರಿತು. ಹತ್ತಿತು.

"ಆತು ನೋಡವಾ!" ಎಂದರು ಯಾರೋ. "ಬಾಗಲ ದೀಪದ ಕೂಡ ಹೆಂಗ ಹೆಜ್ಜಿ ಹಾಕತೈತಿ ನೋಡು, ಅವಳಿಜವಳಿ ಇದ್ದಂಗ."

ಕೋಣೆಯಲ್ಲಿ ಎಲ್ಲರ ಹೆಗಲೂ ಇಳಿದವು. ದಾಕ್ಷಾಯಣಿ ಎರಡು ದೀಪಗಳನ್ನೂ ನೋಡಿದಳು. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಠಾಣೆಯ ಗೋಡೆ ಸರಿಯಿದ್ದಾಗ ಎದೆಯಲ್ಲಿ ಏನೋ ಸಡಿಲಾಗುತ್ತದೆ. ಹಾಗೇ ಸಡಿಲಾಯಿತು.

"ಸರಿ ಐತೇನು?" ಡಾಕ್ಟರು ಕೇಳಿದರು.

"ಸರಿ ಐತ್ರಿ."

ತಂತಿ ಹಚ್ಚಿದರು. ಡಾಕ್ಟರು ನೀಲವ್ವನ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಕೀಲಿ ಕೊಡುವ ಗಡಿಯಾರ ಹಿಡಿದರು. "ಬಿಡು," ಎಂದರು. ತುಳಜವ್ವ ಹೆಬ್ಬೆರಳು ಎತ್ತಿದಳು.

ಟಕ್ ಟಕ್ ನಿಂತ ಮೇಲೆ ಕೋಣೆ ದೊಡ್ಡದಾದಂತೆ ಅನಿಸಿತು.

"ಬಡೀತೈತಿ," ಎಂದರು ಡಾಕ್ಟರು. "ಆದರ..." ಗಡಿಯಾರ ನೋಡಿದರು. "ದಾಕ್ಷಾಯಣಿ, ಇದು ಕಡಿಮಿ ಆತು."

ದಾಕ್ಷಾಯಣಿ ದೀಪ ನೋಡಿದಳು. ಬಾಗಿಲ ದೀಪ ನೋಡಿದಳು. "ಸರಿ ಐತ್ರಲ್ಲ."

ನೀಲವ್ವನ ಕೈ ಡಾಕ್ಟರ ಕೈಯಿಂದ ಜಾರಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಹೋದವು. ಎರಡು ದೀಪವೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರಿದವು. ಸರಿ, ಎಂದಿತು ದಾಕ್ಷಾಯಣಿಯ ಕಣ್ಣು. ಸರಿ, ಸರಿ, ಸರಿ. ಸರಿಯಿದೆ ಎಂದರೆ ಮೂವತ್ತು.

ತಂತಿ ಕಿತ್ತಳು. "ಒತ್ತು ತುಳಜವ್ವಾ!"

ಟಕ್. ಟಕ್. ಟಕ್. ನೀಲವ್ವನ ಬಾಯಿ ತೆರೆದೇ ಇತ್ತು. ಡಾಕ್ಟರು ಮಣಿಕಟ್ಟು ಬಿಟ್ಟು ಕೊರಳಿಗೆ ಬೆರಳು ಇಟ್ಟರು. ಹೆಂಗಸರಲ್ಲಿ ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ತುಳಜವ್ವ ಹಲ್ಲು ಕಚ್ಚಿ ಒತ್ತುತ್ತಿದ್ದಳು. ಇಪ್ಪತ್ತನೆಯದಕ್ಕೋ ಇಪ್ಪತ್ತೈದನೆಯದಕ್ಕೋ ನೀಲವ್ವ ನೀರಿನಿಂದ ಮೇಲೆ ಬಂದವಳಂತೆ ಉಸಿರೆಳೆದುಕೊಂಡಳು.

ಡಾಕ್ಟರು ಬೈಯಲಿಲ್ಲ. "ಎಣಿಸಿದ್ರೇನು?" ಎಂದು ಕೇಳಿದರು.

"ಇಲ್ರಿ," ಎಂದಳು ದಾಕ್ಷಾಯಣಿ. "ನೋಡಿದೆ."

ಅವಳು ಗೋಡೆಗೊರಗಿದ್ದ ಹೆಂಗಸರ ಕಡೆ ತಿರುಗಿದಳು. "ನೀವೆಲ್ಲ ಹೊರಗ ಹೋಗ್ರಿ."

"ನಾವೇನ ಮಾಡಿದ್ವಿ ಯವ್ವಾ? ಒಂದು ಅಂಕಿ ತಪ್ಪು ಹೇಳಿಲ್ಲ."

"ಅದಕ್ಕs. ಹೊರಗ ಹೋಗ್ರಿ."

ಅವರು ಹೋಗಿ ಕಿಟಕಿಯಲ್ಲಿ ನಿಂತರು. ಅವಳು ಅಂಗೈ ಮೇಲೆ ಪೆನ್ನಿನಿಂದ 86 ಎಂದು ಬರೆದುಕೊಂಡು ಮೊದಲಿಂದ ಶುರು ಮಾಡಿದಳು. ಕಿಟಕಿಯ ಆಚೆ ಏಳೆಂಟು ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಅವಳು ಅತ್ತ ಬೆನ್ನು ಹಾಕಿದಳು. ಹನ್ನೊಂದನೆಯದರ ತನಕ ಬಂದು ನಿಲ್ಲಿಸಿದಳು. ಬೆರಳು ಆಗಲೇ ಮೊದಲ ಗಾಲಿಯನ್ನು ಎರಡಕ್ಕೆ ತಿರುಗಿಸಿತ್ತು. ಅದನ್ನು ಸೊನ್ನೆಗೆ ತಂದಳು. ಎಂಟು. ಆರು. ಒತ್ತಿದಳು. ಹಿಂದೆ ಯಾರೋ ಅರೆಬರೆಯಾಗಿ ತಟ್ಟಿ ತಡೆದುಕೊಂಡ ಚಪ್ಪಾಳೆ ಕೇಳಿತು.

ಈ ಸಲ ದೀಪ ಹತ್ತಿದಾಗ ಅವಳು ಬಾಗಿಲ ಕಡೆ ನೋಡಲಿಲ್ಲ. ಡಾಕ್ಟರ ಗಡಿಯಾರ ಇಸಿದುಕೊಂಡು ಪೂರಾ ಒಂದು ನಿಮಿಷ ಎಣಿಸಿದಳು. ಎಪ್ಪತ್ತು. ಇನ್ನೊಂದು ನಿಮಿಷ ಎಣಿಸಿದಳು. ಎಪ್ಪತ್ತು. ಹೊಸ ಬಡಿತದ ಆ ದೀಪವನ್ನು ನೋಡುತ್ತಿದ್ದರೆ, ಕೆಟ್ಟ ಬೋರ್ಡು, ಕಿತ್ತು ಹಾಕು ಎಂದು ಮೈಯೆಲ್ಲ ಹೇಳುತ್ತಿತ್ತು.

ತಂತಿ ಹಚ್ಚಿದರು. "ಬಿಡು."

"ಎಪ್ಪತ್ತು," ಎಂದರು ಡಾಕ್ಟರು, ಒಂದು ನಿಮಿಷದ ಮೇಲೆ. ಮತ್ತೊಂದು ನಿಮಿಷದ ಮೇಲೆ, "ಎಪ್ಪತ್ತs." ನೀಲವ್ವನ ತುಟಿಗೆ ಬಣ್ಣ ಬಂತು. ತುಳಜವ್ವ ಜೋಮು ಹಿಡಿದ ತೋಳನ್ನು ಇನ್ನೊಂದು ಕೈಯಿಂದ ತಿಕ್ಕುತ್ತ ಮುಖ ತೊಳೆಯಲು ಹೊರಗೆ ಹೋದಳು. ಡಾಕ್ಟರು ಕೈ ತೊಳೆಯಲು ಬಚ್ಚಲಿಗೆ ಹೋದರು. ದಾಕ್ಷಾಯಣಿ ಕಿಟಕಿಯ ಹತ್ತಿರ ಹೋಗಿ ಹೆಂಗಸರಿಗೆ ಇನ್ನು ಮನೆಗೆ ಹೋಗಿ ಊಟ ಮಾಡಿ ಬರ್ರಿ ಎಂದು ಹೇಳುತ್ತಿದ್ದಳು.

ತುಳಜವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದಳು. ಬಾಗಿಲ ದೀಪ ನೋಡಿದಳು. ಸ್ಟೂಲಿನ ಮೇಲಿನ ದೀಪ ನೋಡಿದಳು. ಒಂದು ನಿಧಾನ, ಒಂದು ಬಿರಬಿರ.

"ಯವ್ವಾ, ಸೋನಿ!" ಎಂದು ಕಿರುಚಿ ಸ್ಟೂಲಿನ ಬೋರ್ಡಿನ ಪ್ಲಗ್ಗು ಕಿತ್ತಳು.

ಮೂರು ವರ್ಷದಿಂದ ಎಲ್ಲರೂ ಮಾಡುತ್ತ ಬಂದದ್ದನ್ನೇ ಅವಳೂ ಮಾಡಿದ್ದಳು. ಅವಳ ದನಿ ಓಣಿಗೆಲ್ಲ ಕೇಳುವಂಥದ್ದು. "ಸೋನಿ! ಸೋನಿ!" ಎಂದು ಮನೆಯಿಂದ ಮನೆಗೆ ಕೂಗು ಹಬ್ಬಿತು. ಗಿರಣಿ ನಿಂತಿತು, ನೀರಿನ ಪಂಪು ನಿಂತಿತು. ಕಿಟಕಿಯಲ್ಲಿದ್ದ ಹೆಂಗಸರು ತಮ್ಮ ತಮ್ಮ ಮನೆಯ ಪ್ಲಗ್ಗು ಕೀಳಲು ಓಡಿದರು.

ದಾಕ್ಷಾಯಣಿ ತಿರುಗಿದಾಗ ದೀಪ ಕಪ್ಪಾಗಿತ್ತು. ಪ್ಲಗ್ಗು ಕಿತ್ತ ಬೋರ್ಡನ್ನು ಮತ್ತೆ ಎಣಿಸದೆ ನಂಬುವಂತಿರಲಿಲ್ಲ, ತಂತಿ ಇನ್ನೂ ಆ ಬೋರ್ಡಿಗೇ ಇತ್ತು. ಅದನ್ನು ಬಿಚ್ಚಿ ಗುಂಡಿಗೆ ಸುತ್ತಬೇಕು. ತಿರುಪು ಚಿಕ್ಕದು. ಉಗುರು ಜಾರಿತು. ಡಾಕ್ಟರು ಒದ್ದೆ ಕೈಯಲ್ಲೇ ಓಡಿಬಂದು ನೀಲವ್ವನ ಎದೆಯ ನಡುವೆ ಎರಡೂ ಅಂಗೈ ಇಟ್ಟು ಅದುಮತೊಡಗಿದರು. "ಲಗೂನ!" ಮಂಚ ಕಿರುಗುಡುತ್ತಿತ್ತು. ತಿರುಪು ಬಿಟ್ಟಿತು. ಒಂದು ತಂತಿ. ಇನ್ನೊಂದು. ಆಗ ದಾಕ್ಷಾಯಣಿಯ ಕೈ ನಡುಗತೊಡಗಿತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ತಂತಿ ಸುತ್ತಿದಳು. ಗುಂಡಿ ಒತ್ತಿದಳು. ಒತ್ತಿದಳು. ಒತ್ತಿದಳು.

"ಅತ್ತಿ," ಎಂದಳು. "ಅತ್ತೀ. ಏಳ್ರಿ. ನಾ ಒಬ್ಬಾಕಿ ಆ ಮನ್ಯಾಗ ಏನ ಮಾಡ್ಲಿ? ಏಳ್ರಿ."

ತುಳಜವ್ವ ಪ್ಲಗ್ಗು ಕೈಯಲ್ಲಿ ಹಿಡಿದು ಕಲ್ಲಿನಂತೆ ನಿಂತಿದ್ದಳು.

ಎಷ್ಟು ಹೊತ್ತೋ. ಡಾಕ್ಟರು ಕೈ ತೆಗೆದು ಕೊರಳು ಮುಟ್ಟಿ ನೋಡಿದರು. ತಲೆ ಆಡಿಸಿದರು. ಬಂತು ಎಂಬಂತೆ.

ನೀಲವ್ವ ಕಣ್ಣು ಬಿಟ್ಟಳು. ಆಮೇಲೆ ಎದೆ ಮುಟ್ಟಿಕೊಂಡು, "ಯಾರ ಇದು ಒನಕಿಲೆ ಕುಟ್ಟಿದ್ದು?" ಎಂದಳು.

ತುಳಜವ್ವ ಗೋಳೋ ಎಂದು ಅಳತೊಡಗಿದಳು. "ನಾ ಕೊಂದಿದ್ದೆ ಆಕೀನ. ಈ ಕೈಲೆ ಉಳಿಸಿದ್ದೆ, ಇದೇ ಕೈಲೆ ಕೊಂದಿದ್ದೆ."

"ಅಳಬ್ಯಾಡ, ಬಾ, ಒತ್ತು," ಎಂದಳು ದಾಕ್ಷಾಯಣಿ. "ನನ್ನ ಕೈ ನಡಗಾಕತ್ತಾವ. ನಿನ್ನ ಕೈಯಷ್ಟು ಚೊಲೋ ಇಲ್ಲ." ಎದ್ದು ಜಾಗ ಬಿಟ್ಟುಕೊಟ್ಟಳು.

ಡಾಕ್ಟರು ಗೋಡೆಗೆ ಒರಗಿ ನಿಂತಿದ್ದರು. "ಇವತ್ತು ತುಳಜವ್ವ ಕಿತ್ತಳು. ನಾಳೆ ಇನ್ನೊಬ್ಬರು ಬರತಾರ. ನಾಡದು ರೊಟ್ಟಿ ಕೊಡಾಕ ಯಾರರೆ ಬರತಾರ. ಆ ದೀಪ ನೋಡಿದೋರೆಲ್ಲ ಕೀಳವರ. ಏನಂತ ಬರದು ಹಚ್ಚೋಣು?"

ದಾಕ್ಷಾಯಣಿ ಒಂದು ಕುರ್ಚಿ ಎಳೆದು ಬಾಗಿಲ ಹತ್ತಿರ ಇಟ್ಟಳು. ಹತ್ತಿ ನಿಂತು ದವಾಖಾನೆಯ ಮಿಣುಕನ್ನು ಮೊಳೆಯಿಂದ ಇಳಿಸಿದಳು.

"ಅದನ್ನ ಮುಟ್ಟಿದ್ರ ಠಾಣೇದವ್ರು ಕೇಳೂದಿಲ್ಲೇನು?"

"ಠಾಣೇದವಳು ನಾನs ಅಲ್ರಿ."

ಎರಡು ಬೋರ್ಡನ್ನೂ ಒಂದರ ಪಕ್ಕ ಒಂದು ಇಟ್ಟು, ಒಂದಾದ ಮೇಲೆ ಒಂದು ತುಂಬಿದಳು. ಎರಡಕ್ಕೂ ಹನ್ನೆರಡನೆಯದು ಎಂಬತ್ತಾರು. ಗಡಿಯಾರ ಹಿಡಿದು ಎರಡನ್ನೂ ಬೇರೆ ಬೇರೆ ಎಣಿಸಿದಳು. ಮಿಣುಕನ್ನು ಮತ್ತೆ ಬಾಗಿಲ ಮೇಲೆ ಹಾಕಿ ಹೆಜ್ಜೆ ಕೂಡಿಸಿದಳು.

"ಸೋನಿ ಬಂತಂದ್ರ?" ಡಾಕ್ಟರು ಕೇಳಿದರು.

"ಸೈರನ್ ಕೇಳತೈತ್ರಿ. ಮತ್ತ ಎರಡ್ರಾಗ ಒಂದು ಕೆಟ್ರ ಹೆಜ್ಜಿ ತಪ್ಪತೈತಿ. ಹೆಜ್ಜಿ ತಪ್ಪಿದ್ದು ಈ ಊರಾಗ ಎಲ್ಲಾರಿಗೂ ತಿಳೀತೈತಿ. ಕಿತ್ತು ಗುಂಡಿಗೆ ಹಚ್ಚಿ ಒತ್ತಬೇಕು. ತಿರುಪು ತೆಗದು ಚಿಮಟಾ ಹಾಕ್ರಿ, ಒಂದ ಕೈಲೆ ಬದಲಿಸಾಕ ಬರಬೇಕು. ಪಾಳಿ ಮಾತ್ರ ನಿಲ್ಲಿಸಬಾರದು. ಒಬ್ಬರು ಯಾವಾಗ್ಲೂ ಇಲ್ಲೆ ಕೂಡ್ರಬೇಕು."

"ಎರಡೂ ಕೂಡೇ ಕೆಟ್ರ?"

ಅವಳು ಗಡಿಯಾರ ಕೈಗೆತ್ತಿಕೊಂಡು ಎರಡನ್ನೂ ಮತ್ತೊಮ್ಮೆ ಎಣಿಸಿದಳು.

ನಾಲ್ಕೂವರೆಗೆ ಮೂರನೆಯ ಸಲ ತಂತಿ ಹಚ್ಚಿದರು. ಪ್ಲಗ್ಗು ಕಿತ್ತು ಓಡಿದ್ದ ಹೆಂಗಸರು, ಸೋನೆ ಇಲ್ಲವೆಂದು ಗೊತ್ತಾಗಿ, ಬೈದುಕೊಳ್ಳುತ್ತ ವಾಪಸು ಬಂದಿದ್ದರು. ಬಾಗಿಲಲ್ಲಿ ಕಾಲಿಟ್ಟವರೇ ಮೊದಲು ಮೇಲಿನ ದೀಪ ನೋಡಿದರು. ಆಮೇಲೆ ಸ್ಟೂಲಿನ ದೀಪ. ಎರಡೂ ಕೂಡಿ ಹತ್ತುತ್ತಿದ್ದವು, ಕೂಡಿ ಆರುತ್ತಿದ್ದವು. ಯಾರೂ ಏನೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಗೋಡೆಗೆ ಒರಗಿ ಕೂತರು. ಒಬ್ಬಾಕೆ ಎಲೆ ಅಡಿಕೆ ಚೀಲ ಬಿಚ್ಚಿದಳು.

"ಈಗ ಕಣ್ಣಿಗೆ ಸಮಾಧಾನ ಆತು ನೋಡು," ಎಂದಳು ತುಳಜವ್ವ.

ದಾಕ್ಷಾಯಣಿಯ ಕಣ್ಣಿಗೂ ಸಮಾಧಾನವಾಗಿತ್ತು. ಎದೆಯೊಳಗೆ ಅದೇ ಸಡಿಲು ಬರತೊಡಗಿತ್ತು. ಅವಳು ಎರಡು ದೀಪಕ್ಕೂ ಬೆನ್ನು ಮಾಡಿ ಮಂಚದ ಅಂಚಿಗೆ ಕೂತಳು. ಅತ್ತೆಯ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ನೂಲು ಎಳೆದೆಳೆದು ದಡ್ಡುಗಟ್ಟಿದ ಬೆರಳುಗಳು. ಮಣಿಕಟ್ಟಿನ ಒಳಗೆ ಡಾಕ್ಟರು ಹಿಡಿದಿದ್ದ ಜಾಗ ಹುಡುಕಿದಳು. ಮೊದಲು ಸಿಗಲಿಲ್ಲ. ಬೆರಳು ಸ್ವಲ್ಪ ಕೆಳಗೆ ಸರಿಸಿದಳು. ಸಿಕ್ಕಿತು. ಗಡಿಯಾರ ನೋಡಿದಳು.

"ಏನ ಮಾಡಾಕತ್ತಿ?" ನೀಲವ್ವ ಕೇಳಿದಳು.

"ಎಣಸಾಕತ್ತೀನ್ರಿ."

"ಎಲ್ಲಾರೂ ಸರಿ ಐತಿ ಅಂತಾರಲ್ಲ."

"ಅನ್ನಲಿ."

ನೀಲವ್ವ ಸ್ವಲ್ಪ ಹೊತ್ತು ಸೊಸೆಯ ಮುಖ ನೋಡಿದಳು. "ಮುಂಜಾನೆ ಕಟ್ಟಿದ್ದು ಉಂಡಿಲ್ಲ ಅಲ್ಲೇನು ನೀ? ಮಾರಿ ನೋಡು ಹೆಂಗಾಗೈತಿ. ವಿರೂಪಾಕ್ಷನೂ ಹಿಂಗ, ಪರೀಕ್ಷಾ ಇದ್ದ ದಿನ ಒಂದು ತುತ್ತು..."

"ಅತ್ತಿ, ಒಂದು ನಿಮಿಷ ತಡೀರಿ," ಎಂದಳು ದಾಕ್ಷಾಯಣಿ. "ಆಮ್ಯಾಲೆ ಎಲ್ಲಾ ಹೇಳ್ರಿ. ಲೆಕ್ಕ ತಪ್ಪತೈತಿ."

ಬೆರಳ ಕೆಳಗೆ ನಲವತ್ತೊಂದು ಬಂತು, ನಲವತ್ತೆರಡು ಬಂತು.